ಉಬ್ಬೆಯ ಮಣ್ಣಿನಿಂದ ಹಳದಿ ಪುಡಿಯವರೆಗೆ

ಕನ್ನಡದ ಸಾಬೂನು, ಉರ್ದುವಿನ ಸಾಬುನ್, ಅರಬಿಯ ಸಾಬೂನ್ ಒಂದೇ ಮಾತಿನ ರೂಪಗಳು. ‘ಆಲ್ಕಲಿ’ಯ ಮೂಲವೂ ಅರಬಿಯೇ, ಗಿಡ ಸುಟ್ಟ ಬೂದಿಗೆ ಅಲ್ಲಿ ಅಲ್-ಕಲಿ ಎನ್ನುತ್ತಿದ್ದರು. ಆ ಕ್ಷಾರವನ್ನು ಆಲಿವ್ ಎಣ್ಣೆಯೊಂದಿಗೆ ಕಾಯಿಸಿದ ಅಲೆಪ್ಪೊ, ನಾಬ್ಲುಸ್ ಸಾಬೂನುಗಳು ದೂರದೂರಕ್ಕೆ ಹೋದವು. ಕೃಷ್ಣಾ-ಘಟಪ್ರಭೆಗಳ ನಡುವಿನ ನಮ್ಮ ಸೀಮೆಗೆ ಮಾತು ಬಂತು, ಸರಕು ಬರಲಿಲ್ಲ. ಇಲ್ಲಿ ಕ್ಷಾರ ನೆಲದಲ್ಲೇ ಇತ್ತು.

ಅದರ ಹೆಸರು ಸವಳು. ಬೇಸಿಗೆಯಲ್ಲಿ ತಗ್ಗು ನೆಲದ ಮೇಲೆ ಬೆಳ್ಳಗೆ ಒಡೆದು ಏಳುವ ಮಣ್ಣನ್ನು ಕೆರೆದು ತಂದು, ನೀರಲ್ಲಿ ಕಲಸಿ, ಅರಿವೆಗಳನ್ನು ಅದರಲ್ಲಿ ಅದ್ದಿ ಹಂಡೆಯಲ್ಲಿ ಹಬೆಗೆ ಇಡುವುದೇ ಉಬ್ಬೆ. ಬಟ್ಟೆಯಲ್ಲಿನ ಮೈಯ ಜಿಡ್ಡು ಈ ಕ್ಷಾರದೊಂದಿಗೆ ಕೂಡಿ ಅಷ್ಟಿಷ್ಟು ಸಾಬೂನಾಗಿ, ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಮಡಿವಾಳರಿಗೆ ಇದು ಕಸುಬು, ಬಡವರ ಮನೆಗೆ ಉಳಿತಾಯ. ಜಮಖಂಡಿಯನ್ನು ಪಟವರ್ಧನರು ಆಳಲಿ, ಮುಧೋಳವನ್ನು ಘೋರ್ಪಡೆಯವರು ಆಳಲಿ, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿರಲಿ, ಉಬ್ಬೆಯ ಮಣ್ಣು ಒಂದೇ. ಮಡಿಗೂ ಪಾಕಿಗೂ ನೀರೇ ಸಾಕು. ಕ್ಷಾರ ಬೇಕಾದದ್ದು ಕೊಳೆಗೆ.

ಆದರೆ ರೇಷ್ಮೆಗೆ ಸವಳು ಶತ್ರು. ಕ್ಷಾರ ಅದರ ಎಳೆಯನ್ನು ತಿನ್ನುತ್ತದೆ. ಇಳಕಲ್ ಸೀರೆಯ ರೇಷ್ಮೆ ಸೆರಗನ್ನು ಅಂಟುವಾಳದ ನೊರೆಯಲ್ಲಿ ತೊಳೆಯುವುದು ಬರೀ ಶೋಕಿಯಲ್ಲ. ಯಾವುದಕ್ಕೆ ಏನು ಎಂಬುದು ರಬಕವಿ-ಬನಹಟ್ಟಿಯ ನೇಕಾರ ಹೆಣ್ಣುಮಕ್ಕಳಿಗೆ ಯಾವ ರಸಾಯನಶಾಸ್ತ್ರದ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ಅಂಗಡಿಯ ಸಾಬೂನು 1888ರ ಹೊತ್ತಿಗೆ ಹಿಂದೂಸ್ತಾನಕ್ಕೆ ಬಂತು. ಸನ್‌ಲೈಟಿನ ಪೆಟ್ಟಿಗೆಗಳು ಕಲ್ಕತ್ತೆಯಲ್ಲಿ ಇಳಿದವು. ಬೆಂಗಳೂರಿನ ಸರಕಾರಿ ಕಾರ್ಖಾನೆ 1918ರಲ್ಲಿ ಶ್ರೀಗಂಧದ ಸಾಬೂನು ಮಾಡಿತು, ಅದು ಮೈಗೆ. ಅರಿವೆಗೆ ನಗದು ಕೊಡುವುದು ನೇಕಾರರ ಮನೆಯಲ್ಲಿ ಕಷ್ಟವೇ. ಹಾಗಾಗಿ ಸವಳು ಬಿಟ್ಟವರಲ್ಲಿ ಕೆಲವರು ಕಾಸ್ಟಿಕ್ ಸೋಡಾಕ್ಕೆ ಬಂದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವೂ 1957ರಲ್ಲಿ ಹುಟ್ಟಿದಾಗಿನಿಂದ ಬೇವು, ಹೊಂಗೆಯಂಥ ತಿನ್ನಲಾಗದ ಎಣ್ಣೆಗಳ ಸಾಬೂನಿಗೆ ಬೆಂಬಲ ಕೊಟ್ಟಿದೆ.

ಲೆಕ್ಕ ಸರಳ: ಒಂದು ಕಿಲೊ ಬೇವಿನೆಣ್ಣೆಗೆ ಸುಮಾರು 130 ಗ್ರಾಂ ಕಾಸ್ಟಿಕ್. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಸಿಡಿದು ಮುಖ ಸುಡುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು. ಹಬ್ಬಕ್ಕೆ ಕರಿದು ಉಳಿದ ಕುಸುಬಿ ಎಣ್ಣೆಯೊಂದರಿಂದಲೇ ಮಾಡಿದರೆ ಬಿಲ್ಲೆ ಮೆತ್ತಗೆ. ಅಚ್ಚಿಗೆ ಹೊಯ್ದು ನಾಲ್ಕಾರು ವಾರ ಒಣಗಲು ಬಿಡಬೇಕು. ದುಡ್ಡು ಉಳಿಯುತ್ತಿತ್ತು, ನಿಜ. ಆದರೆ ಆ ಲೆಕ್ಕದಲ್ಲಿ ಎಣ್ಣೆಯ ಬೆಲೆ, ಸೋಡಾದ ಬೆಲೆ ಇದ್ದವು, ಕಲಕುವವಳ ಹೊತ್ತು ಇರಲಿಲ್ಲ. ಅದೇ ಹೊತ್ತಿನಲ್ಲಿ ಆಕೆ ಕಂಡಿಕೆ ಸುತ್ತಬೇಕಿತ್ತು, ರೊಟ್ಟಿ ಬಡಿಯಬೇಕಿತ್ತು. ಸುಟ್ಟ ಬೆರಳಿಗೆ ಮಜೂರಿ ಕಟ್ಟಿದ ಗಂಡಸನ್ನು ನಾನು ಕಂಡಿಲ್ಲ.

ಮನೆಯ ಸಾಬೂನಿನ ಉಳಿತಾಯವನ್ನು ಕಸಿದದ್ದು ಇನ್ನೊಂದು ಮನೆಯ ಸರಕು. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಎಂಬ ಸರಕಾರಿ ರಸಾಯನತಜ್ಞ ಮನೆಯಲ್ಲಿ ಹಳದಿ ಪುಡಿ ಕಲಸಿ, ಸೈಕಲ್ಲಿನ ಮೇಲೆ ಮನೆಮನೆಗೆ ಮಾರಿದರು. ಹತ್ತು ವರ್ಷ ಮೊದಲೇ ಬಂದಿದ್ದ ಸರ್ಫ್‌ನ ಬೆಲೆಯ ಒಂದು ಪಾಲಿಗೆ ಅವರ ನಿರ್ಮಾ ಸಿಗುತ್ತಿತ್ತು. ಅದು ನಮ್ಮ ಪೇಟೆಗಳನ್ನು ಮುಟ್ಟಿದ ಮೇಲೆ ಕಾಸ್ಟಿಕ್ಕಿನ ಬಿಸಿಗೆ ಕೈಯೊಡ್ಡುವ ಕಾರಣ ಉಳಿಯಲಿಲ್ಲ. ಆ ಪುಡಿಯ ದೊಡ್ಡ ಪಾಲು ಸೋಡಾ ಬೂದಿ, ಅಂದರೆ ಸೋಡಿಯಂ ಕಾರ್ಬೊನೇಟ್. ಉಬ್ಬೆಯ ಸವಳಿನ ಸತ್ವವೂ ಅದೇ! ನಮ್ಮ ಅಜ್ಜಿಯರು ಪುಕ್ಕಟೆ ಕೆರೆದು ತರುತ್ತಿದ್ದದ್ದು ಪೊಟ್ಟಣದಲ್ಲಿ ಮರಳಿ ಬಂದಿತ್ತು.

ಸವಳೇನೂ ಮಾಯವಾಗಲಿಲ್ಲ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿ ಜಮಖಂಡಿ, ಮುಧೋಳ ತಾಲೂಕುಗಳ ಎಷ್ಟೋ ಎರೆಹೊಲಗಳು ಸವಳು-ಜವಳು ಹಿಡಿದಿವೆ. ಅಲ್ಲಿ ಬೆಳ್ಳಗೆ ಎದ್ದ ಮಣ್ಣನ್ನು ಕೆರೆಯಲು ಯಾರೂ ಬುಟ್ಟಿ ಹಿಡಿದು ಬರುವುದಿಲ್ಲ. ಜಿಪ್ಸಮ್ ಚೆಲ್ಲಿ, ಬಸಿಗಾಲುವೆ ತೋಡಿ ಅದನ್ನು ಹೊಲದಿಂದ ಹೊರಹಾಕಲು ರೈತರು ಸಾಲ ಮಾಡುತ್ತಾರೆ.