ಹಾಯಿದೋಣಿಯ ಪಂದ್ಯದಲ್ಲಿ ಸಮಾನತೆಯ ಲೆಕ್ಕ

ಪಂದ್ಯವೆಂದರೆ ಸಮಬಲರ ಸ್ಪರ್ಧೆಯೆಂಬುದು ಲೋಕದ ಭಾವನೆ. ಗರಡಿಯಲ್ಲಿ ಜೋಡಿ ಕಟ್ಟುವ ಹಿರಿಯರು ಜಟ್ಟಿಗಳ ಮೈತೂಕವನ್ನೂ ಪಳಗಿಕೆಯನ್ನೂ ನೋಡಿಯೇ ಕಟ್ಟುತ್ತಾರೆ. ಆದರೆ ಸಮಬಲರೇ ದೊರೆಯದಿದ್ದಲ್ಲಿ ಮಾಡುವುದೇನು? ಕುದುರೆಯ ಪಂದ್ಯದವರು ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ಬಲವಾದ ಕುದುರೆಯ ಬೆನ್ನಿಗೆ ಹೆಚ್ಚು ಭಾರವನ್ನೂ, ಬಲಗುಂದಿದ ಕುದುರೆಗೆ ಕಡಮೆ ಭಾರವನ್ನೂ ಹೊರಿಸಿ ಓಡಿಸಿದರು. ಹ್ಯಾಂಡಿಕ್ಯಾಪ್ ಎಂಬ ಮಾತು ನಮ್ಮ ಶ್ರೋತೃಗಳಲ್ಲಿ ಅನೇಕರಿಗೆ ಪರಿಚಿತವಾದುದು ಕುದುರೆಯ ಪಂದ್ಯದಿಂದಲೇ. ಹಾಯಿದೋಣಿಗಳ ಪಂದ್ಯದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಅಲ್ಲಿ ಭಾರವನ್ನು ಹೊರಿಸಲಿಲ್ಲ, ಕಾಲವನ್ನು ಹಂಚಿದರು. ಆ ಹಂಚಿಕೆಯ ಚರಿತ್ರೆ ಕೇವಲ ವಿನೋದದ ಕಥೆಯಲ್ಲ. ಅದರಲ್ಲಿ ಮನುಷ್ಯರ ಪ್ರಾಣಹಾನಿಯೂ ಸೇರಿದೆ.

ಇಂಗ್ಲೆಂಡಿನಲ್ಲಿ ಈ ಕ್ರೀಡೆಗೆ ನಾಂದಿ ಹಾಡಿದವನು ಎರಡನೆಯ ಚಾರ್ಲ್ಸ್ ದೊರೆ. ದೇಶಭ್ರಷ್ಟನಾಗಿ ಹಾಲೆಂಡಿನಲ್ಲಿ ಕಾಲ ಕಳೆದಿದ್ದ ಅವನು ಸಿಂಹಾಸನಕ್ಕೆ ಮರಳಿದಾಗ, 1660ರಲ್ಲಿ, ಆಮ್ಸ್ಟರ್ಡ್ಯಾಮಿನ ನಗರದವರು ಅವನಿಗೊಂದು ವಿಹಾರನೌಕೆಯನ್ನು ಕಾಣಿಕೆಯಾಗಿ ಕೊಟ್ಟರು. ಮರುವರ್ಷವೇ ದೊರೆಯೂ ಅವನ ತಮ್ಮನಾದ ಯಾರ್ಕಿನ ಡ್ಯೂಕನೂ 100 ಪೌಂಡುಗಳ ಪಣವನ್ನೊಡ್ಡಿ, ಥೇಮ್ಸ್ ನದಿಯಲ್ಲಿ ಗ್ರಿನಿಚ್ಚಿನಿಂದ ಗ್ರೇವ್ಸೆಂಡಿನವರೆಗೆ ಹೋಗಿ ಬರುವ ಪಂದ್ಯವನ್ನಾಡಿದರು. ಹೋಗುವಾಗ ಎದುರುಗಾಳಿಯಲ್ಲಿ ತಮ್ಮ ಗೆದ್ದನು, ಬರುವಾಗ ಅಣ್ಣ ಗೆದ್ದನು. ಇಬ್ಬರೇ ಆಡುವಾಗ ಲೆಕ್ಕದ ತೊಡಕಿರಲಿಲ್ಲ. ಸಂಘಗಳು ಹುಟ್ಟಿ, ಹತ್ತಾರು ಬಗೆಯ ದೋಣಿಗಳು ಒಂದೇ ಗೆರೆಯಲ್ಲಿ ನಿಂತಾಗ ತೊಡಕು ಆರಂಭವಾಯಿತು.

ತೊಡಕಿನ ಮೂಲ ನೀರಿನ ಸ್ವಭಾವದಲ್ಲಿದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿ ತಾನೆಬ್ಬಿಸಿದ ಅಲೆಯಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ದೋಣಿ ಉದ್ದವಾದಷ್ಟೂ ಅದು ತಲಪಬಲ್ಲ ವೇಗ ಹೆಚ್ಚು. ಸ್ಥೂಲವಾಗಿ ಹೇಳುವುದಾದರೆ, ನೀರಿನ ಮಟ್ಟದಲ್ಲಿ 16 ಅಡಿ ಉದ್ದವಿರುವ ದೋಣಿ ಗಂಟೆಗೆ ಸುಮಾರು 5.4 ಕಡಲ ಮೈಲಿ ಹೋಗಬಲ್ಲುದು, 36 ಅಡಿಯದು ಸುಮಾರು 8 ಕಡಲ ಮೈಲಿ. ಹೀಗಿರುವಾಗ ಯಾವ ರಿಯಾಯಿತಿಯೂ ಇಲ್ಲದಿದ್ದರೆ, ಹಣವಂತನು ದೊಡ್ಡ ದೋಣಿಯನ್ನು ಕಟ್ಟಿಸಿದ ದಿನವೇ ಪಂದ್ಯ ಮುಗಿದಂತಾಗುವುದು. 1851ರಲ್ಲಿ ಅಮೆರಿಕ ಎಂಬ ಹಡಗು ವೈಟ್ ದ್ವೀಪವನ್ನು ಸುತ್ತಿ ಬಂದು ಕೀರ್ತಿಶಾಲಿಯಾದ ಪಂದ್ಯದಲ್ಲಿ ಕಾಲದ ರಿಯಾಯಿತಿ ಇರಲಿಲ್ಲ. ಅದು 170 ಟನ್ನಿನ ಹಡಗು. ಅದರ ಹಿಂದೆಯೇ ಬಂದ ಅರೋರ 47 ಟನ್ನಿನದು. ಗೆದ್ದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ಆದರೆ ಆ ಚಿಕ್ಕ ಹಡಗಿನವರು ಮಾಡಿದ ಸಾಹಸ ಅದಕ್ಕಿಂತ ಕಡಮೆಯದೇ ಎಂಬ ಪ್ರಶ್ನೆ ಉಳಿದೇ ಇದೆ.

ರಿಯಾಯಿತಿಯ ಆಲೋಚನೆ ಅಷ್ಟರಲ್ಲಾಗಲೇ ಹುಟ್ಟಿದ್ದಿತು. 1843ರಲ್ಲಿ ಆಕರ್ಸ್ ಎಂಬಾತನು ಹಡಗುಗಳ ಗಾತ್ರಕ್ಕೂ ಪಂದ್ಯದ ದೂರಕ್ಕೂ ಅನುಗುಣವಾಗಿ ಕಾಲವನ್ನು ಹಂಚುವ ಒಂದು ಪಟ್ಟಿಯನ್ನು ರಚಿಸಿದ್ದನು. ಆದರೆ ಗಾತ್ರವನ್ನು ಅಳೆಯುವುದು ಹೇಗೆ? 1855ರಲ್ಲಿ ಥೇಮ್ಸ್ ನದಿಯ ಸಂಘದವರು ಒಂದು ಸೂತ್ರವನ್ನು ಮಾಡಿದರು. ಉದ್ದದಿಂದ ಅಗಲವನ್ನು ಕಳೆದು, ಉಳಿದುದನ್ನು ಅಗಲದಿಂದ ಗುಣಿಸಿ, ಮತ್ತೆ ಅಗಲದ ಅರ್ಧದಿಂದ ಗುಣಿಸಿ, 94ರಿಂದ ಭಾಗಿಸಬೇಕು. ಆಳವನ್ನು ಅಳೆಯುವುದು ಕಷ್ಟವಾದುದರಿಂದ, ಅಗಲದ ಅರ್ಧವೇ ಆಳವೆಂದು ಇಟ್ಟುಕೊಂಡರು. ಸೂತ್ರವನ್ನು ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ದೋಣಿಯನ್ನು ಕಟ್ಟುವವರು ಅದನ್ನು ಓದಿದ ಬಗೆ ಬೇರೆ. ಇದರಲ್ಲಿ ಅಗಲಕ್ಕೆ ಎರಡು ಸಲ ತೆರಿಗೆ, ಆಳಕ್ಕೆ ತೆರಿಗೆಯೇ ಇಲ್ಲ! ಅಗಲವನ್ನು ಕಿರಿದುಮಾಡಿ, ಆಳವನ್ನು ಹೆಚ್ಚಿಸಿ, ಅಡಿಯಲ್ಲಿ ಸೀಸದ ಭಾರವನ್ನು ತುಂಬಿದರೆ, ಲೆಕ್ಕದಲ್ಲಿ ಚಿಕ್ಕದಾದ ದೋಣಿ ನೀರಿನಲ್ಲಿ ದೊಡ್ಡದಾಗುವುದು. ಹೀಗೆ ವರ್ಷದಿಂದ ವರ್ಷಕ್ಕೆ ದೋಣಿಗಳು ಸಣಕಲಾಗುತ್ತ ಬಂದವು. ಅಂಚಿನ ಮೇಲೆ ನಿಲ್ಲಿಸಿದ ಹಲಗೆಗಳೆಂದು ಜನ ಅವುಗಳನ್ನು ಹಾಸ್ಯಮಾಡಿದರು. ಮುಂದೆ ಸೂತ್ರವನ್ನು ತಿದ್ದಿದರೂ ಈ ದೋಷ ಹೋಗಲಿಲ್ಲ.

ಊನಾ ಎಂಬ ದೋಣಿ ಈ ಹಾದಿಯ ಕೊನೆ. ಲೆಕ್ಕದಲ್ಲಿ ಅದು 5 ಟನ್ನಿನದು. ನೀರಿನ ಮಟ್ಟದಲ್ಲಿ ಉದ್ದ ಸುಮಾರು 34 ಅಡಿ, ಅಗಲ ಐದೂವರೆ ಅಡಿ ಮಾತ್ರ. 1886ರಲ್ಲಿ, ಹೊಸದಾಗಿದ್ದಾಗಲೇ, ಐರ್ಲೆಂಡಿನ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಅದು ನಾಶವಾಯಿತು. ಅದನ್ನು ರೂಪಿಸಿದ ಪೇಟನ್ ಎಂಬ ತರುಣನೂ ಅದರೊಡನೆಯೇ ಮಡಿದನು. ಬಿರುಗಾಳಿ ಯಾವ ದೋಣಿಯನ್ನಾದರೂ ಮುಳುಗಿಸೀತು, ನಿಜ. ಆದರೆ ಆ ರೂಪ ಕಡಲನ್ನು ನೋಡಿ ಹುಟ್ಟಿದುದಲ್ಲ, ಸೂತ್ರವನ್ನು ನೋಡಿ ಹುಟ್ಟಿದುದು. ಅದೇ ವರ್ಷ ಹಳೆಯ ಸೂತ್ರವನ್ನು ಕೈಬಿಟ್ಟು, ಉದ್ದವನ್ನೂ ಹಾಯಿಯ ವಿಸ್ತಾರವನ್ನೂ ಅಳೆಯುವ ಹೊಸ ಸೂತ್ರವನ್ನು ತಂದರು.

ಇಷ್ಟರಿಂದ ಕಥೆ ಮುಗಿಯಲಿಲ್ಲ. ಸೂತ್ರಗಳು ಬದಲಾದಂತೆಲ್ಲ ದೋಣಿಗಳ ಆಕಾರವೂ ಬದಲಾಯಿತು. 1979ರ ಆಗಸ್ಟಿನಲ್ಲಿ ಫಾಸ್ಟ್‌ನೆಟ್ ಪಂದ್ಯಕ್ಕೆ ಹೊರಟ 303 ದೋಣಿಗಳ ಮೇಲೆ ಭೀಕರವಾದ ಬಿರುಗಾಳಿ ಎರಗಿತು. ಸ್ಪರ್ಧಿಗಳಲ್ಲಿ 15 ಮಂದಿ ಪ್ರಾಣ ಬಿಟ್ಟರು. ಆಗ ರೂಢಿಯಲ್ಲಿದ್ದ ಅಂತರರಾಷ್ಟ್ರೀಯ ಸೂತ್ರದ ಲಾಭಕ್ಕಾಗಿ ಅಗಲವಾಗಿಯೂ ಹಗುರವಾಗಿಯೂ ಕಟ್ಟಿದ ಕೆಲವು ದೋಣಿಗಳು, ಒಮ್ಮೆ ಮಗುಚಿದರೆ ಬೇಗ ಎದ್ದುನಿಲ್ಲಲಾರವೆಂಬ ವಿಷಯ ಆಮೇಲೆ ಗಂಭೀರವಾದ ಚರ್ಚೆಗೆ ಬಂದಿತು. ಮೊದಲು ಅಗಲವಿಲ್ಲದುದು ದೋಷ, ಈಗ ಅಗಲ ಹೆಚ್ಚಾದುದು ದೋಷ. ಎರಡು ಕಡೆಯೂ ಕುಶಲಿಗಳ ಕಣ್ಣು ನೀರಿನ ಮೇಲಿಗಿಂತ ಅಳತೆಗೋಲಿನ ಮೇಲೆ ಹೆಚ್ಚಾಗಿ ನೆಟ್ಟಿದ್ದಿತು.

ಊರೂರಿನ ಸಣ್ಣ ಸಂಘಗಳಿಗೆ ಬೇರೊಂದು ದಾರಿ ದೊರೆಯಿತು. 20ನೆಯ ಶತಮಾನದ ನಡುಗಾಲದಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಮಿಲೆಜ್ ಎಂಬ ದೋಣಿಗಾರನು ದೋಣಿಯ ಮೈಯನ್ನು ಅಳೆಯುವುದನ್ನೇ ಬಿಟ್ಟು, ಅದರ ನಡೆಯನ್ನು ಅಳೆಯುವ ಕ್ರಮವನ್ನು ರೂಪಿಸಿದನು. ಪೋರ್ಟ್ಸ್‌ಮತ್ ಅಳತೆಯೆಂದು ಅದಕ್ಕೆ ಹೆಸರು. ಅನೇಕ ಪಂದ್ಯಗಳಲ್ಲಿ ಒಂದೊಂದು ಜಾತಿಯ ದೋಣಿ ಹಿಡಿದ ಕಾಲವನ್ನು ಹೋಲಿಸಿ, ಅದಕ್ಕೊಂದು ಸಂಖ್ಯೆಯನ್ನು ಕೊಡುತ್ತಾರೆ. ಹಿಡಿದ ಕಾಲವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ತಿದ್ದಿದ ಕಾಲ ಬರುತ್ತದೆ. 1100 ಸಂಖ್ಯೆಯ ದೋಣಿ 66 ನಿಮಿಷಗಳಲ್ಲಿ ಗುರಿ ಮುಟ್ಟಿದರೆ, ತಿದ್ದಿದ ಕಾಲ 60 ನಿಮಿಷ. 1400 ಸಂಖ್ಯೆಯ ನಿಧಾನವಾದ ದೋಣಿ 84 ನಿಮಿಷಗಳಲ್ಲಿ ಮುಟ್ಟಿದರೂ ಅಷ್ಟೇ. 83ರಲ್ಲಿ ಮುಟ್ಟಿದರೆ ಗೆಲುವು ಅದರದೇ. ಸಂಘಗಳು ಕಳುಹಿಸುವ ಫಲಿತಾಂಶಗಳನ್ನು ನೋಡಿ ಈ ಸಂಖ್ಯೆಗಳನ್ನು ಆಗಾಗ ಪರಿಷ್ಕರಿಸುತ್ತಾರೆ. ಅಮೆರಿಕದಲ್ಲಿ ಕಡಲ ಮೈಲಿಗೆ ಇಷ್ಟು ಸೆಕೆಂಡು ಎಂದು ರಿಯಾಯಿತಿ ಕೊಡುವ ಪದ್ಧತಿಯೂ ಉಂಟು. 120ರ ದೋಣಿ 180ರ ದೋಣಿಗೆ ಹತ್ತು ಮೈಲಿಯ ಪಂದ್ಯದಲ್ಲಿ ಹತ್ತು ನಿಮಿಷ ಬಿಟ್ಟುಕೊಡಬೇಕು.

ಲೆಕ್ಕ ಬದಲಾದರೆ ಯುಕ್ತಿಯೂ ಬದಲಾಗತಕ್ಕದ್ದೇ. ಒಂದೇ ಜಾತಿಯ ದೋಣಿಗಳ ಪಂದ್ಯದಲ್ಲಿ ಮುಂದಿರುವವನು ಹಿಂದಿನವನ ಗಾಳಿಗೆ ತನ್ನ ಹಾಯಿಯನ್ನು ಮರೆಯಾಗಿ ಒಡ್ಡಿ, ಅವನು ತಿರುಗಿದತ್ತ ತಾನೂ ತಿರುಗಿ, ಅವನನ್ನು ಕಟ್ಟಿಹಾಕಬಹುದು. ರಿಯಾಯಿತಿಯ ಪಂದ್ಯದಲ್ಲಿ ಈ ಜಗಳ ಇಬ್ಬರಿಗೂ ನಷ್ಟ. ಅವರು ಕಾದಾಡುತ್ತಿರುವಾಗ ದೂರದಲ್ಲಿರುವ ಮೂರನೆಯವನ ಕೈಗೆ ನಿಮಿಷಗಳು ಸೇರುತ್ತಿರುತ್ತವೆ. ಇಲ್ಲಿ ನಿಜವಾದ ಎದುರಾಳಿ ಗಡಿಯಾರ. ದೊಡ್ಡ ದೋಣಿಯವನು ಆರಂಭದಲ್ಲಿಯೇ ಗುಂಪಿನಿಂದ ಹೊರಬಂದು ನಿರ್ಮಲವಾದ ಗಾಳಿಯನ್ನು ಹಿಡಿಯಬೇಕು. ಚಿಕ್ಕ ದೋಣಿಯವನು ದೊಡ್ಡವರ ಹಾಯಿಯ ಮರೆಯಲ್ಲಿ ಸಿಕ್ಕಿಕೊಳ್ಳದೆ ಪಕ್ಕಕ್ಕೆ ಸರಿದು ಸಾಗಬೇಕು. ಇಷ್ಟಾದರೂ ದೈವದ ಪಾಲು ಇದ್ದೇ ಇದೆ. ಕೊನೆಯಲ್ಲಿ ಗಾಳಿ ಸತ್ತರೆ, ಮುಂದಿದ್ದವರು ನಿಂತಲ್ಲೇ ನಿಂತು, ಹಿಂದಿನವರು ಬಂದು ಕೂಡಿಕೊಳ್ಳುವರು. ಆಗ ಗೆಲುವು ಚಿಕ್ಕವರದು. ದೊಡ್ಡವರು ಗುರಿ ಮುಟ್ಟಿದ ಮೇಲೆ ಇಳಿತ ಎದುರಾದರೆ, ಚಿಕ್ಕವರಿಗೆ ಯಾವ ಸಂಖ್ಯೆಯೂ ನೆರವಾಗದು.

ಆದುದರಿಂದ ಈ ಕ್ರಮದಲ್ಲಿ ಪೂರ್ಣವಾದ ನ್ಯಾಯವಿದೆಯೆಂದು ಹೇಳುವಂತಿಲ್ಲ. ಮಂದಮಾರುತಕ್ಕೂ ಬಿರುಸಾದ ಗಾಳಿಗೂ ಒಂದೇ ಸಂಖ್ಯೆ ಸಲ್ಲುವುದಿಲ್ಲ. ದೋಣಿಯ ಗುಣವೆಷ್ಟು, ನಡೆಸಿದವನ ಗುಣವೆಷ್ಟು ಎಂದು ಬಿಡಿಸಿ ಹೇಳುವುದೂ ಸುಲಭವಲ್ಲ. ಆದರೂ ಮೈಯನ್ನು ಅಳೆದ ಸೂತ್ರಗಳು ಮೈಯನ್ನು ವಿಕಾರಗೊಳಿಸಿದವು. ನಡೆಯನ್ನು ಅಳೆದ ಈ ಲೆಕ್ಕ ಮೈಯನ್ನು ವಿಕಾರಗೊಳಿಸುವ ಆಸೆಗೆ ಅಷ್ಟಾಗಿ ಎಡೆಗೊಡುವುದಿಲ್ಲ. ತಂದೆಯ ಕಾಲದ ಹಳೆಯ ದೋಣಿಯನ್ನು ಮಗ ಇಂದಿಗೂ ನಾಚಿಕೆಯಿಲ್ಲದೆ ಪಂದ್ಯದ ಗೆರೆಗೆ ತಂದು ನಿಲ್ಲಿಸಬಹುದು. ಚೆನ್ನಾಗಿ ನಡೆಸಿದರೆ ಗೆಲ್ಲಲೂಬಹುದು.