ಕೊರಳಲ್ಲಿ ನೇತಾಡುವ ಯೋಧ

ಮೊನ್ನೆ ಎರಡು ದಿನ ರಜೆ ಸಿಕ್ಕಿದ್ದೇ ನೆಪ, ಆಫೀಸಿನ ಗೆಳೆಯನ ಜೊತೆ ಅವನೂರಿಗೆ ಹೋಗಿದ್ದೆ. ವಿರಾಜಪೇಟೆ ಹತ್ತಿರ, ಕಾಫಿ ತೋಟದ ಮಧ್ಯೆ ಮನೆ. ಅವನ ಅಜ್ಜಿಯ ಕೊರಳಲ್ಲಿ ಪತ್ತಾಕ್ ಇತ್ತು. ಮಧ್ಯದಲ್ಲಿ ರಾಣಿಯ ಮುಖವಿರುವ ಹಳೆಯ ಚಿನ್ನದ ಪವನು, ಸುತ್ತ ಕೆಂಪು ಕಲ್ಲು, ಮೇಲೆ ನಾಗರ ಹೆಡೆ. ಕೊಡವರಲ್ಲಿ ಮದುವೆಗೆ ಇದನ್ನು ಕೊಡುವುದು ಗಂಡನಲ್ಲ, ಹುಡುಗಿಯ ತಾಯಿ. ಅದರ ಪಕ್ಕದಲ್ಲೇ ತೆಳು ಸರದಲ್ಲಿ ಇನ್ನೊಂದು ಪುಟ್ಟ ಲಾಕೆಟ್. ನಾನು ಅದನ್ನೇ ನೋಡುತ್ತಿದ್ದುದು ಗೊತ್ತಾಗಿ ಅಜ್ಜಿ ಉಗುರಿನಿಂದ ಬಿಚ್ಚಿ ತೋರಿಸಿದರು. ಒಳಗೆ ಮಿಲಿಟರಿ ಟೋಪಿ ಹಾಕಿದ ಅಜ್ಜನ ಫೋಟೋ!

"ಎಪ್ಪತ್ತೊಂದರ ಯುದ್ಧಕ್ಕೆ ಹೋದಾಗ ಹಾಕ್ಕೊಂಡೆ. ಬಂದ ಮೇಲೆ ತೆಗೀಬೇಕು ಅಂತಿದ್ದೆ, ಮರೆತೇ ಹೋಯ್ತು" ಅಂದರು. ಅಜ್ಜ ತೀರಿಕೊಂಡು ಹತ್ತು ವರ್ಷವಾಯಿತಂತೆ. ಮರೆತದ್ದಲ್ಲ ಅಂತ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಬೆಂಗಳೂರಿಗೆ ಬಂದ ಮೇಲೂ ಆ ಲಾಕೆಟ್ ತಲೆಯಿಂದ ಹೋಗಲಿಲ್ಲ. ಹುಡುಕುತ್ತಾ ಕೂತೆ. ಮೊದಲ ಮಹಾಯುದ್ಧದ ಕಾಲಕ್ಕೆ ಯುರೋಪಿನಲ್ಲಿ ಇದು ದೊಡ್ಡ ರೂಢಿಯೇ ಆಗಿತ್ತು. ಗಂಡನೋ ಮಗನೋ ಯುದ್ಧಕ್ಕೆ ಹೋದರೆ ಅವನ ಚಿತ್ರವನ್ನು ಲಾಕೆಟ್ಟಿನಲ್ಲೋ ಬ್ರೋಚಿನಲ್ಲೋ ಇಟ್ಟು ಎದೆಯ ಮೇಲೆ ಧರಿಸುತ್ತಿದ್ದರು. ಹೀಗೆ ಹುಡುಕುವಾಗಲೇ ಕೊಡಗಿನದೇ ಇನ್ನೊಂದು ಆಭರಣ ಸಿಕ್ಕಿತು. ಅದನ್ನು ಕೊಟ್ಟದ್ದು ಮಾತ್ರ ಹೆಂಡತಿಯೂ ಅಲ್ಲ, ತಾಯಿಯೂ ಅಲ್ಲ.. ಈಸ್ಟ್ ಇಂಡಿಯಾ ಕಂಪನಿ!

ಅದು 1837ರ ಕೊಡಗು ಪದಕ. ಐದು ಸೆಂಟಿಮೀಟರ್ ಅಗಲದ ಬಿಲ್ಲೆ, ಹುರಿಯಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಒಂದು ಬದಿಯಲ್ಲಿ ಕತ್ತಿ ಎತ್ತಿ ನಿಂತ ಕೊಡಗಿನ ಯೋಧ, ಸುತ್ತ ಕನ್ನಡದಲ್ಲಿ ಬರಹ. ಹೌದು, ಕನ್ನಡದಲ್ಲಿ! ಇನ್ನೊಂದು ಬದಿಯಲ್ಲಿ ಕೊಡಗಿನ ಯುದ್ಧದ ಕತ್ತಿ, ಬ್ರಿಟಿಷ್ ಸರಕಾರಕ್ಕೆ ತೋರಿಸಿದ ನಿಷ್ಠೆಗಾಗಿ ಎಂಬ ಅರ್ಥದ ಇಂಗ್ಲಿಷ್ ಸಾಲು. ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300 ಪದಕ ಹಂಚಿದರು.

ಯಾವ ನಿಷ್ಠೆ? ಇಲ್ಲಿ ನನಗೆ ಸ್ವಲ್ಪ ಇರಿಸುಮುರಿಸಾಯಿತು. ನನ್ನ ಅಮ್ಮನ ಕಡೆಯವರು ಸುಳ್ಯದ ಅರೆಭಾಷೆ ಗೌಡರು. 1834ರಲ್ಲಿ ಕಂಪನಿ ಕೊಡಗನ್ನು ನುಂಗಿದಾಗ ಅಮರ ಸುಳ್ಯ ಮತ್ತು ಪುತ್ತೂರಿನ ಭಾಗವನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿತು. ಬೆಳೆಯಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲಿ ಕೊಡಿ ಅಂದಿತು. ರೈತರು ನಾಣ್ಯ ಎಲ್ಲಿಂದ ತರಬೇಕು? 1837ರಲ್ಲಿ ದಂಗೆ ಎದ್ದರು. ಏಪ್ರಿಲ್‌ನಲ್ಲಿ ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಆ ದಂಗೆಯನ್ನು ಅಡಗಿಸಲು ನೆರವಾದವರಿಗೇ ಈ ಪದಕ.

ಮುಂದಾಳಾಗಿದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅವರ ಫೋಟೋ ಇರಲು ಸಾಧ್ಯವೇ ಇಲ್ಲ, ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದೇ 1839ರಲ್ಲಿ. ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಆದರೆ ಆ ಕಾಲಕ್ಕೆ ಚಿನ್ನದಲ್ಲಿ ಮುಖ ಸಿಕ್ಕಿದ್ದು ಪದಕದ ಯೋಧನಿಗೆ. ಅವನಿಗೂ ಹೆಸರಿಲ್ಲ. ಅವನು ಯಾರದೋ ಮಗನ ಚಿತ್ರವಲ್ಲ, ಸರಕಾರ ಬಯಸುವ ಯೋಧನ ಚಿತ್ರ ಅಷ್ಟೆ. ಗೆದ್ದವರು ಕತೆಗೂ ಹೆಸರಿಟ್ಟರು. ನಮ್ಮೂರಲ್ಲಿ ಬಹಳ ಕಾಲ ಆ ಹೋರಾಟವನ್ನು 'ಕಲ್ಯಾಣಪ್ಪನ ಕಾಟಕಾಯಿ' ಅಂತಲೇ ಕರೆಯುತ್ತಿದ್ದರು, ಏನೋ ಪುಂಡಾಟ ಎಂಬಂತೆ.

ಇದನ್ನೆಲ್ಲ ಗೆಳೆಯನಿಗೆ ಹೇಳಲೋ ಬೇಡವೋ ಅಂತ ಎರಡು ದಿನ ಯೋಚಿಸಿ, ಕೊನೆಗೆ ಕ್ಯಾಂಟೀನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಮ್ಮನೇಲೂ ಬೆಳ್ಳೀದು ಒಂದಿತ್ತಂತೆ ಮಾರಾಯ. ಯಾರೋ ಕರಗಿಸಿ ಕಾಲ್ಗೆಜ್ಜೆ ಮಾಡಿಸಿಬಿಟ್ರಂತೆ" ಅಂದ. ಇಬ್ಬರೂ ನಕ್ಕೆವು.

ಕಂಪನಿಯ ಯೋಧ ಗೆಜ್ಜೆಯಾಗಿ ಹೋದ. ಅಜ್ಜಿಯ ಕೊರಳಿನ ಅಜ್ಜನನ್ನು ಮಾತ್ರ ಯಾರೂ ಕರಗಿಸಲಾರರು. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥ ಲಾಕೆಟ್ಟೋ ಪದಕವೋ ಇದ್ದರೆ ಅದರ ಕತೆಯನ್ನು ಹಿರಿಯರ ಹತ್ತಿರ ಈಗಲೇ ಕೇಳಿಟ್ಟುಕೊಳ್ಳಿ. ಸಾಧ್ಯವಾದರೆ ಬರೆಯಿರಿ, ಓದಲು ಕಾಯುತ್ತಿರುತ್ತೇನೆ :-)