ದಾಸಪತ್ರ ಬರೆದುಕೊಟ್ಟ ಗುರು

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದಾಗ ಹಿಂದಿನದನ್ನು ನೆನೆಯುವುದು ಸಹಜವೂ ಹೌದು, ಕರ್ತವ್ಯವೂ ಹೌದು. ಆದರೆ ಈ ನೆನಪಿನ ಜೊತೆಗೇ ಒಂದು ಶೋಧನೆಯೂ ಬರುತ್ತದೆ. ಗಂಟೆಯನ್ನು ಕೊಟ್ಟವರು ಯಾರು, ಗೋಪುರವನ್ನು ಕಟ್ಟಿಸಿದವರು ಯಾರು, ಶಿಲಾಫಲಕದಲ್ಲಿ ಯಾವ ಮನೆತನದ ಹೆಸರು ಮೊದಲು ಬರಬೇಕು ಎಂಬ ಲೆಕ್ಕಾಚಾರದಲ್ಲಿ ದೇವರ ಹೆಸರೇ ಹಿಂದೆ ಸರಿಯಬಹುದು. ಇಂತಹ ಸಮಯದಲ್ಲಿ, ನಮ್ಮ ಕರಾವಳಿಯ ಮಣ್ಣನ್ನು ಬರಿಗಾಲಿನಿಂದ ತುಳಿದು ನಡೆದ ಸಂತ ಜೋಸೆಫ್ ವಾಜ್ ಅವರ ಚರಿತ್ರೆಯನ್ನು ಮನನ ಮಾಡುವುದು ಹಿತಕರವೆಂದು ಭಾವಿಸುತ್ತೇನೆ.

ಇವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದರು. ಮರುವರ್ಷ ಆಗಸ್ಟ್ 5ರಂದು ಸಾಂಕ್ವಾಳದಲ್ಲಿ ಒಂದು ಪತ್ರವನ್ನು ಬರೆದು ರುಜು ಹಾಕಿದರು. ತಮ್ಮನ್ನು ಮಾತೆ ಮರಿಯಮ್ಮನವರಿಗೆ ಶಾಶ್ವತ ದಾಸನಾಗಿ ಒಪ್ಪಿಸಿಕೊಟ್ಟ ಪತ್ರವದು. ದಾಸನೆಂಬ ಮಾತು ಕನ್ನಡಿಗರ ಕಿವಿಗೆ ಭಕ್ತಿಯ ಮಾತಾಗಿ ಇಂಪಾಗಿಯೇ ಕೇಳಿಸುತ್ತದೆ. ಆದರೆ ಅಂದಿನ ಗೋವೆಯಲ್ಲಿ ಮನುಷ್ಯರನ್ನು ಕೊಳ್ಳುವ, ಮಾರುವ ವ್ಯಾಪಾರವು ಕಣ್ಣೆದುರಿಗೇ ನಡೆಯುತ್ತಿತ್ತು. ಗುಲಾಮನಿಗೆ ಸ್ವಂತ ಇಚ್ಛೆಯಿಲ್ಲ, ಸ್ವಂತ ಗಳಿಕೆಯಿಲ್ಲ ಎಂಬುದನ್ನು ಚೆನ್ನಾಗಿ ಅರಿತೇ, ಕುಲೀನ ಮನೆತನದ ಆ ತರುಣ ಗುರುಗಳು ಆ ಪದವನ್ನು ಆರಿಸಿಕೊಂಡರು.

ಪತ್ರ ಬರೆಯುವುದು ಸುಲಭ. ಅದರಂತೆ ಬಾಳುವುದು ಕಷ್ಟ. ಮೊದಲ ಪರೀಕ್ಷೆ ಒದಗಿದ್ದು ನಮ್ಮ ಕನ್ನಡ ಜಿಲ್ಲೆಯಲ್ಲಿಯೇ. 1681ರಲ್ಲಿ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ಗೋವೆಯ ಮಹಾಧರ್ಮಪ್ರಾಂತ್ಯವು ಅವರನ್ನು ಇಲ್ಲಿಗೆ ಕಳುಹಿಸಿತು. ಆಗ ಇಲ್ಲಿಯ ಕ್ರೈಸ್ತರು ಎರಡು ಬಣಗಳಾಗಿ ಒಡೆದಿದ್ದರು. ಪೋರ್ಚುಗಲ್ ದೊರೆಯ ಆಶ್ರಯದಲ್ಲಿದ್ದ ಗೋವೆಯ ಅಧಿಕಾರವನ್ನು ಒಂದು ಬಣ ಒಪ್ಪಿದರೆ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರನ್ನು ಇನ್ನೊಂದು ಬಣ ಒಪ್ಪಿತ್ತು. ಯಾರು ನೀಡುವ ಸಂಸ್ಕಾರ ಸಿಂಧು ಎಂಬ ಶಂಕೆಯಿಂದ ಬಡ ಭಕ್ತರ ಮನಸ್ಸು ಕಲಕಿತ್ತು. ವಾಜ್ ಅವರು ಗೋವೆಯ ಪಕ್ಷದ ಪ್ರತಿನಿಧಿಯಾಗಿಯೇ ಬಂದವರು. ಆದರೂ ತಾವಾಗಿಯೇ ಆ ಧರ್ಮಾಧ್ಯಕ್ಷರನ್ನು ಕಂಡು, ರೋಮಿನ ತೀರ್ಮಾನ ಬರುವವರೆಗೆ ಜನರ ಆತ್ಮಗಳಿಗೆ ಹಾನಿಯಾಗದಿರಲೆಂದು ಅವರಿಂದಲೂ ಅಧಿಕಾರವನ್ನು ಬೇಡಿ ಪಡೆದರು. ವಾದದಲ್ಲಿ ಗೆಲ್ಲುವುದಕ್ಕಿಂತ ಮಂದೆಯನ್ನು ಉಳಿಸುವುದು ಅವರಿಗೆ ದೊಡ್ಡದಾಗಿತ್ತು. ಮೂರು ವರ್ಷಗಳ ಕಾಲ ಮಂಗಳೂರು, ಬಸರೂರು, ಗಂಗೊಳ್ಳಿ ಮೊದಲಾದೆಡೆ ಚದುರಿದ್ದ ಭಕ್ತರನ್ನು ಒಗ್ಗೂಡಿಸಿ 1684ರಲ್ಲಿ ಹಿಂದಿರುಗಿದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ನೆನಪು ಇಂದಿಗೂ ಹಸಿರಾಗಿದೆ.

ಎರಡನೆಯ ಪರೀಕ್ಷೆ ಪದವಿಯದು. ಹಳೆ ಗೋವೆಯಲ್ಲಿ ಸ್ವದೇಶೀ ಗುರುಗಳು ಕೂಡಿ ರಚಿಸಿಕೊಂಡ ಒರಟೋರಿಯನ್ ಬಳಗಕ್ಕೆ ಅವರೇ ಮುಖ್ಯಸ್ಥರಾದರು. ಆದರೆ ಡಚ್ಚರ ಆಡಳಿತಕ್ಕೊಳಪಟ್ಟ ಸಿಂಹಳದಲ್ಲಿ ಕಥೋಲಿಕರು ಗುರುಗಳಿಲ್ಲದೆ ಕೊರಗುತ್ತಿದ್ದರು. ಈ ಸಂಗತಿ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಮುಖ್ಯಸ್ಥನ ಸ್ಥಾನವನ್ನು ಬಿಟ್ಟುಕೊಟ್ಟು, ಗುರುವಸ್ತ್ರವನ್ನು ತೆಗೆದಿಟ್ಟು, ಕೂಲಿಯಾಳಿನ ವೇಷದಲ್ಲಿ 1687ರಲ್ಲಿ ಯಾಳ್ಪಾಣವನ್ನು ಸೇರಿದರು. ಕೊರಳಲ್ಲಿ ಜಪಸರವನ್ನು ಧರಿಸಿ, ಮನೆಮನೆಯ ಬಾಗಿಲಲ್ಲಿ ಭಿಕ್ಷೆ ಬೇಡುತ್ತಾ, ಆ ಜಪಸರವನ್ನು ಕಂಡು ಗುರುತು ಹಿಡಿಯುವವರಿಗಾಗಿ ಅರಸಿದರು. ಗುರುವೆಂಬ ಗೌರವವನ್ನು ಬದಿಗಿರಿಸಿದ್ದರಿಂದಲೇ ಗುರುಸೇವೆ ಮಾಡುವ ದಾರಿ ಅವರಿಗೆ ತೆರೆಯಿತು.

1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪದಿಂದ ಸೆರೆಮನೆಗೆ ಬಿದ್ದರು. ಅಲ್ಲಿ ತಮ್ಮ ದುರ್ದೆಸೆಯನ್ನು ನೆನೆದು ಕೊರಗುತ್ತಾ ಕೂರದೆ, ಆ ಜನರ ಸಿಂಹಳ ಭಾಷೆಯನ್ನು ಕಲಿತರು. ಬಿಡುಗಡೆಯಾದ ಬಳಿಕ, 1697ರಲ್ಲಿ ಸಿಡುಬು ರೋಗ ಹಬ್ಬಿತು. ಮನೆಯವರೇ ರೋಗಿಗಳನ್ನು ತೊರೆದು ಓಡುತ್ತಿರುವಾಗ, ವಾಜ್ ಅವರೂ ಅವರ ಸೋದರಳಿಯನಾದ ಜೋಸೆಫ್ ದೆ ಕಾರ್ವಾಲೊ ಎಂಬ ಗುರುಗಳೂ ಮತಭೇದವೆಣಿಸದೆ ರೋಗಿಗಳನ್ನು ಉಪಚರಿಸಿದರು, ಸತ್ತವರನ್ನು ಮಣ್ಣುಮಾಡಿದರು. ಮುಂದೆ ಧರ್ಮಾಧ್ಯಕ್ಷ ಪದವಿಯ ಪ್ರಸ್ತಾಪ ಬಂದಾಗ ಅದನ್ನು ವಿನಯದಿಂದ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು.

ಪ್ರಿಯ ಭಕ್ತಾದಿಗಳೇ, ಈ ಜೀವನದಲ್ಲಿ ಗಮನಿಸಬೇಕಾದ ಒಂದು ತತ್ವವಿದೆ. ‘ನಾನು’ ಎಂಬುದನ್ನು ತೊರೆಯಬೇಕೆಂದು ಎಲ್ಲ ಹಿರಿಯರೂ ಹೇಳಿದ್ದಾರೆ. ಆದರೆ ನನ್ನ ಅಹಂಕಾರವನ್ನು ನಾನೇ ಬಿಡುತ್ತೇನೆಂದು ಹೊರಟವನು ಹಗಲಿರುಳೂ ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ. ಕಡೆಗೆ ತನ್ನ ವಿನಯದ ಬಗೆಗೇ ಹೆಮ್ಮೆಪಡುತ್ತಾನೆ. ಕ್ರೈಸ್ತ ವಿಶ್ವಾಸ ತೋರುವ ದಾರಿ ಬೇರೆ. ದೇವಸ್ವರೂಪಿಯಾಗಿದ್ದ ಪ್ರಭು ಕ್ರಿಸ್ತರು ತಮ್ಮನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ತಾಳಿದರೆಂದು ಸಂತ ಪೌಲರು ಫಿಲಿಪ್ಪಿಯರಿಗೆ ಬೋಧಿಸುತ್ತಾರೆ. ಆ ಪ್ರಭುವಿನ ಕೈಗೆ ತನ್ನನ್ನು ಒಪ್ಪಿಸಿಕೊಟ್ಟವನಿಗೆ ತನ್ನನ್ನು ಕಾದುಕೊಳ್ಳುವ ಭಾರವೇ ಇಳಿಯುತ್ತದೆ. ಆಗ ಅವನ ಕಣ್ಣು ಪಕ್ಕದವನ ಕಡೆಗೆ ತಾನಾಗಿಯೇ ಹೊರಳುತ್ತದೆ. ದಾಸಪತ್ರವು ವಾಜ್ ಅವರನ್ನು ಕುಗ್ಗಿಸಲಿಲ್ಲ. ಬಣ, ಪದವಿ, ಮಾನ, ಪ್ರಾಣಭಯ ಇವೆಲ್ಲವುಗಳಿಂದ ಬಿಡಿಸಿತು.

1995ರ ಜನವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಕೊಲಂಬೊ ನಗರದಲ್ಲಿ ವಾಜ್ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಅದೇ ನಗರದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಸಂತರೆಂದು ಘೋಷಿಸಿದರು. ಮರಣದಿಂದ ಸಂತಪದವಿಯವರೆಗೆ 304 ವರ್ಷಗಳು ಸಂದವು. ಆ ದೀರ್ಘಕಾಲವೆಲ್ಲ ಸಿಂಹಳದ ಧರ್ಮಸಭೆಯೇ ಅವರ ಸ್ಮಾರಕವಾಗಿ ನಿಂತಿತ್ತು.

ನಮ್ಮ ದೇವಾಲಯವನ್ನು ಕಟ್ಟಿದವರಲ್ಲಿಯೂ ಫಲಕದಲ್ಲಿ ಹೆಸರಿಲ್ಲದವರೇ ಹೆಚ್ಚು. ಕಲ್ಲು ಹೊತ್ತವರು, ಹಿಡಿ ಅಕ್ಕಿ ಎತ್ತಿಟ್ಟು ಕೊಟ್ಟ ತಾಯಂದಿರು, ಮಕ್ಕಳಿಗೆ ಜಪ ಕಲಿಸಿದ ಉಪದೇಶಿಗಳು, ಇವರೆಲ್ಲರ ಹೆಸರನ್ನು ದೇವರು ಬಲ್ಲರು. ಎರಡನೆಯ ಶತಮಾನದ ಹೊಸ್ತಿಲಲ್ಲಿ ನಿಂತಿರುವ ನಾವು ಅವರ ಸಾಲಿನಲ್ಲಿ ಸೇರುವ ಕೃಪೆಯನ್ನು, ಸಂತ ಜೋಸೆಫ್ ವಾಜ್ ಅವರ ಪ್ರಾರ್ಥನೆಯ ಮೂಲಕ, ಪ್ರಭು ಯೇಸುಕ್ರಿಸ್ತರು ನಮಗೆ ದಯಪಾಲಿಸಲಿ.